‘ಮ್ಯೂಸಿಯಂ ಕ್ವಾಲಿಟಿ’ ಡಚ್ ಪ್ರಿಂಟ್ ತರಿಸುವ ಮುಂಚೆ ಇದನ್ನು ಓದಿ

ಹಳೆಯ ಡಚ್ ಚಿತ್ರಗಳ ಪ್ರಿಂಟನ್ನು ಆನ್‌ಲೈನ್‌ನಲ್ಲಿ ತರಿಸುವ ಯೋಚನೆ ಇದೆಯಾ? ದಯವಿಟ್ಟು ಸ್ವಲ್ಪ ತಡೆಯಿರಿ. ನಾನು ತರಿಸಿದ್ದು ಡಚ್ ಚಿತ್ರಕಾರ ಯಾನ್ ಸ್ಟೇನ್ 1668ರಲ್ಲಿ ಬರೆದ ಚಿತ್ರದ ಪ್ರಿಂಟ್. ಕುಟುಂಬವೊಂದು ಹಾಡಿ ಕುಡಿದು ಮೋಜು ಮಾಡುತ್ತಿರುವ ಆ ಪ್ರಸಿದ್ಧ ಚಿತ್ರ. ಮಾರುವವರು ‘ಮ್ಯೂಸಿಯಂ ಕ್ವಾಲಿಟಿ ಜಿಕ್ಲೇ ಪ್ರಿಂಟ್, ಕ್ಯಾನ್ವಾಸ್ ಮೇಲೆ, ಲಿಮಿಟೆಡ್ ಎಡಿಷನ್’ ಅಂತ ಹಾಕಿದ್ದರು. ಬೆಲೆ 6,500 ರೂಪಾಯಿ. ಬಂದದ್ದು ನೋಡಿ ಅಳು ಬಂತು.

ಮೊದಲು ಚಿತ್ರದ ಬಗ್ಗೆ ಹೇಳುತ್ತೇನೆ. ಇಲ್ಲದಿದ್ದರೆ ಏನು ಹಾಳಾಯಿತು ಅನ್ನೋದು ಗೊತ್ತಾಗುವುದಿಲ್ಲ. ಮೂಲ ಚಿತ್ರ ಆಮ್‌ಸ್ಟರ್‌ಡ್ಯಾಮ್‌ನ ರೈಕ್ಸ್ ಮ್ಯೂಸಿಯಂನಲ್ಲಿದೆ. 110.5 ಸೆಂ.ಮೀ. ಎತ್ತರ, 141 ಸೆಂ.ಮೀ. ಅಗಲ. ಒಂದು ಮೇಜು, ಅದರ ಸುತ್ತ ಗದ್ದಲವೋ ಗದ್ದಲ. ಅಪ್ಪ ಗ್ಲಾಸ್ ಎತ್ತಿ ಹಿಡಿದು ಗಂಟಲು ಬಿಟ್ಟು ಹಾಡುತ್ತಿದ್ದಾನೆ. ಅಮ್ಮ, ಅಜ್ಜಿ ದನಿಗೂಡಿಸಿದ್ದಾರೆ. ಮಕ್ಕಳಲ್ಲಿ ಕೆಲವರು ಪೀಪಿ ಊದುತ್ತಿದ್ದರೆ, ಕೆಲವರು ಉದ್ದನೆಯ ಪೈಪು ಸೇದುತ್ತಿದ್ದಾರೆ. ನೋಡುತ್ತಾ ನಿಂತರೆ ನಗು ಬರುತ್ತದೆ. ಆಮೇಲೆ ಕಣ್ಣು ಬಲಗಡೆ ಫೈರ್‌ಪ್ಲೇಸಿನ ಕಡೆ ಹೋಗುತ್ತದೆ. ಅದರ ಮೇಲಿನ ಕಟ್ಟೆಯಿಂದ ಒಂದು ಚೀಟಿ ನೇತಾಡುತ್ತಿದೆ. ಅದರಲ್ಲಿ ಇರೋದು ಡಚ್ಚರ ಒಂದು ಗಾದೆ: ದೊಡ್ಡವರು ಹಾಡಿದ ಹಾಗೆ ಚಿಕ್ಕವರು ಊದುತ್ತಾರೆ. ನಮ್ಮಲ್ಲಿ ಹಿರಿಯಕ್ಕನ ಚಾಳಿ ಮನೆಮಂದಿಗೆಲ್ಲ ಅಂತೀವಲ್ಲ, ಹೆಚ್ಚುಕಡಿಮೆ ಅದೇ. ಚೀಟಿ ಓದಿದ ಮೇಲೆ ಪೈಪು ಸೇದುವ ಮಗುವನ್ನು ಇನ್ನೊಂದು ಸಲ ನೋಡಿ. ಮೊದಲಿನ ನಗು ಬರುವುದಿಲ್ಲ. ಸ್ಟೇನ್ ಎಂಥ ಚಿತ್ರಕಾರ ಅನ್ನೋದು ಅಲ್ಲಿ ತಿಳಿಯುತ್ತದೆ.

ನನಗೆ ಬಂದ ಪ್ರಿಂಟಿನಲ್ಲಿ ಆ ಚೀಟಿಯೇ ಇಲ್ಲ.

ಹೌದು, ಕತ್ತರಿಸಿಬಿಟ್ಟಿದ್ದಾರೆ. ಚಿತ್ರವನ್ನು ಹಿಗ್ಗಿಸಿ, ಮೇಜಿನ ಸುತ್ತ ಕೂತವರನ್ನು ಮಾತ್ರ ನಡುವೆ ತಂದಿದ್ದಾರೆ. ಉಳಿದ ಅಂಚನ್ನು ಮರದ ಚೌಕಟ್ಟಿನ ಪಕ್ಕಕ್ಕೆ ಮಡಚಿ ಹಿಂದೆ ಪಿನ್ ಹೊಡೆದಿದ್ದಾರೆ. ವೆಬ್‌ಸೈಟಿನಲ್ಲಿ ಪೂರ್ತಿ ಚಿತ್ರ ತೋರಿಸಿದ್ದರು. ಕತ್ತರಿಸುತ್ತೇವೆ ಅಂತ ಎಲ್ಲೂ ಬರೆದಿರಲಿಲ್ಲ. ಹೀಗೆ ಚಿತ್ರದ ಅಂಚನ್ನೇ ಪಕ್ಕಕ್ಕೆ ಮಡಚೋದನ್ನು ಗ್ಯಾಲರಿ ರ‍್ಯಾಪ್ ಅಂತಾರೆ. ಚೌಕಟ್ಟಿನ ಪಟ್ಟಿ ಒಂದೂವರೆ ಇಂಚು ದಪ್ಪ ಇದ್ದರೆ ನಾಲ್ಕೂ ಕಡೆ ಅಷ್ಟಷ್ಟು ಚಿತ್ರ ಪಕ್ಕಕ್ಕೆ ಹೋಗುತ್ತದೆ. ಒಂದೇ ಮುಖ ಇರುವ ಭಾವಚಿತ್ರಕ್ಕೆ ನಡೆಯಬಹುದೇನೋ. ಡಚ್ಚರ ಮನೆವಾರ್ತೆ ಚಿತ್ರಗಳಲ್ಲಿ ಮೂಲೆ ಮೂಲೆಯಲ್ಲೂ ಕಥೆ ಇರುತ್ತದೆ. ಅಂಥದ್ದಕ್ಕೆ ಇದು ಖಂಡಿತ ಬೇಡ.

ಉಳಿದದ್ದೂ ಮೋಸವೇ. ಹತ್ತಿರ ಹೋದರೆ ಮುಖಗಳೆಲ್ಲ ಕಲಸಿದಂತೆ ಕಾಣುತ್ತವೆ. ಎಲ್ಲಿಂದಲೋ ಸಿಕ್ಕ ಚಿಕ್ಕ ಫೈಲನ್ನು ಎಳೆದು ದೊಡ್ಡದು ಮಾಡಿದ್ದಾರೆ. 30 ಇಂಚು ಅಗಲದ ಪ್ರಿಂಟಿಗೆ, ಇಂಚಿಗೆ 150 ಚುಕ್ಕಿ ಅಂದರೂ 4,500 ಪಿಕ್ಸೆಲ್ ಬೇಕು. 300 ಅಂದರೆ 9,000. ಒಳ್ಳೆಯ ಫೈಲ್ ಸಿಗುವುದಿಲ್ಲ ಅನ್ನೋ ಹಾಗೂ ಇಲ್ಲ. ಸ್ಟೇನ್ ತೀರಿಕೊಂಡದ್ದು 1679ರಲ್ಲಿ, ಚಿತ್ರದ ಮೇಲೆ ಈಗ ಯಾರ ಕಾಪಿರೈಟೂ ಇಲ್ಲ. ರೈಕ್ಸ್ ಮ್ಯೂಸಿಯಂ ತನ್ನ ಚಿತ್ರಗಳ ದೊಡ್ಡ ಫೈಲುಗಳನ್ನು ಪುಕ್ಕಟೆಯಾಗಿ ಡೌನ್‌ಲೋಡ್ ಮಾಡಲು ಕೊಡುತ್ತದೆ. ಅಷ್ಟೂ ಮಾಡದೆ 6,500 ತೆಗೆದುಕೊಳ್ಳೋದು ಅನ್ಯಾಯ ಅಲ್ವಾ?

ಪೊಟ್ಟಣ ಬಿಚ್ಚಿದಾಗ ಹೊಸ ಬ್ಯಾನರಿನ ಘಾಟು ವಾಸನೆ. ಪರಿಚಯದ ಪ್ರಿಂಟಿಂಗ್ ಅಂಗಡಿಯವರಿಗೆ ತೋರಿಸಿದೆ. ಪಾಲಿಯೆಸ್ಟರ್ ಬಟ್ಟೆ, ಬೋರ್ಡು ಬ್ಯಾನರಿಗೆ ಬಳಸುವ ಸಾಲ್ವೆಂಟ್ ಇಂಕು ಅಂದರು. ಜಿಕ್ಲೇ ಅಂದರೆ ಸಾಮಾನ್ಯವಾಗಿ ಪಿಗ್ಮೆಂಟ್ ಇಂಕಿನಲ್ಲಿ (ಬಣ್ಣದ ನುಣ್ಣನೆಯ ಪುಡಿ ಬೆರೆಸಿದ, ಬೇಗ ಮಾಸದ ಇಂಕು), ಆಮ್ಲ ಇಲ್ಲದ ಹತ್ತಿಯ ಕಾಗದ ಅಥವಾ ಒಳ್ಳೆಯ ಕ್ಯಾನ್ವಾಸ್ ಮೇಲೆ ಮಾಡುವ ಪ್ರಿಂಟ್. ಆದರೆ ಆ ಹೆಸರನ್ನು ಯಾರು ಬೇಕಾದರೂ ಹಾಕಿಕೊಳ್ಳಬಹುದು, ಕೇಳುವವರಿಲ್ಲ. ‘ಮ್ಯೂಸಿಯಂ ಕ್ವಾಲಿಟಿ’ ಅನ್ನೋದೂ ಅಷ್ಟೇ.

ಜೊತೆಗೆ ಒಂದು ಸರ್ಟಿಫಿಕೇಟ್ ಬೇರೆ. ಹೊಳೆಯುವ ಮುದ್ರೆ, ಎಡಿಷನ್ ನಂಬರು ಎಲ್ಲ ಇದೆ. ಚಿತ್ರದ ವರ್ಷ ಇಲ್ಲ, ಮ್ಯೂಸಿಯಂ ಹೆಸರಿಲ್ಲ, ಯಾವ ಇಂಕು ಅಂತ ಇಲ್ಲ. ಯಾರು ಬೇಕಾದರೂ ಎಷ್ಟು ಬೇಕಾದರೂ ಅಚ್ಚು ಹಾಕಬಹುದಾದ ಚಿತ್ರಕ್ಕೆ ಎಂಥ ಲಿಮಿಟೆಡ್ ಎಡಿಷನ್? ಆ ಪದಕ್ಕೆ ಒಂದು ರೂಪಾಯಿಯೂ ಜಾಸ್ತಿ ಕೊಡಬೇಡಿ.

ವಾಪಸ್ ತೆಗೆದುಕೊಳ್ಳಿ ಅಂದರೆ, ‘ಇದು ನಿಮ್ಮ ಆರ್ಡರಿಗೆ ಮಾಡಿದ್ದು ಮೇಡಂ, ರಿಟರ್ನ್ ಇಲ್ಲ’ ಅಂತ ಉತ್ತರ. ಈ ಮಾತಿಗೆ ಸುಮ್ನೆ ಆಗಬೇಡಿ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ, ಜಾಹೀರಾತಿನಲ್ಲಿ ಹೇಳಿದ ಹಾಗೆ ಇಲ್ಲದ ವಸ್ತುವನ್ನು ವಾಪಸ್ ತೆಗೆದುಕೊಳ್ಳೋದಿಲ್ಲ ಅನ್ನುವಂತಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಜಾಹೀರಾತಿನ ಸ್ಕ್ರೀನ್‌ಶಾಟ್ ಇಟ್ಟುಕೊಂಡಿರಿ, ಅವರು ಆಮೇಲೆ ಬದಲಾಯಿಸಿಬಿಡುತ್ತಾರೆ. ನನ್ನ ವಿಷಯದಲ್ಲಿ ಹಾಗೇ ಆಯಿತು. ಸ್ಕ್ರೀನ್‌ಶಾಟ್ ಇದ್ದದ್ದರಿಂದ ನನ್ನ ದೂರಿಗೆ ಆಧಾರ ಸಿಕ್ಕಿತು.

ಆದರೂ ಆ ಚಿತ್ರ ಗೋಡೆಯ ಮೇಲೆ ಬೇಕು ಅನಿಸಿದರೆ ಮ್ಯೂಸಿಯಂನಿಂದ ಫೈಲ್ ಇಳಿಸಿಕೊಳ್ಳಿ. ಪಿಗ್ಮೆಂಟ್ ಇಂಕಿನಲ್ಲಿ ಫೋಟೋ ಪ್ರಿಂಟ್ ಮಾಡುವವರನ್ನು ನಿಮ್ಮ ಊರಲ್ಲೇ ಹುಡುಕಿ, ಯಾವ ಇಂಕು, ಯಾವ ಕಾಗದ ಅಂತ ಬಾಯಿಬಿಟ್ಟು ಕೇಳಿ. ಸುತ್ತ ಬಿಳಿ ಅಂಚು ಬಿಟ್ಟು ಪೂರ್ತಿ ಚಿತ್ರ ಬರಬೇಕು ಅಂತ ಬರೆದುಕೊಡಿ. ದೊಡ್ಡದು ಹಾಕಿಸುವ ಮುಂಚೆ ಒಂದು ಮುಖದಷ್ಟು ಭಾಗವನ್ನು ಅದೇ ಅಳತೆಯಲ್ಲಿ ಸ್ಯಾಂಪಲ್ ತೆಗೆಸಿ ನೋಡಿ. ಕಟ್ಟು ಹಾಕಿಸೋದು ಆಮೇಲೆ.

ನನ್ನ ಹಣ ಇನ್ನೂ ವಾಪಸ್ ಬಂದಿಲ್ಲ, ದೂರು ನಡೆಯುತ್ತಿದೆ. ನಿಮಗೂ ಹೀಗೆ ಆಗಿದ್ದರೆ ಬಿಡಬೇಡಿ, ದೂರು ಕೊಡಿ.