ಕೀವಿನ ಕಲ್ಚರ್ ವರದಿ: ಒಂದು ಲ್ಯಾಬಿನ ಸೇವೆಯ ಬಗ್ಗೆ

ನಮ್ಮ ನರ್ಸಿಂಗ್ ಹೋಮಿನಲ್ಲಿ ದಾಖಲಾಗುವವರ ಕೀವು ಹಾಗೂ ಗಂಟಲಿನ ಸ್ವಾಬ್‌ಗಳನ್ನು ಎರಡು ವರ್ಷಗಳಿಂದ ಜಿಲ್ಲಾ ಕೇಂದ್ರದ ಒಂದು ಖಾಸಗಿ ಲ್ಯಾಬಿಗೆ ಕಲ್ಚರ್‌ಗಾಗಿ, ಎಂದರೆ ರೋಗಾಣು ಬೆಳೆಸಿ ಯಾವ ಔಷಧಿಗೆ ಮಣಿಯುತ್ತದೆಂದು ನೋಡಲು, ಕಳುಹಿಸುತ್ತಿದ್ದೇವೆ. ಸುತ್ತಲಿನ ವೈದ್ಯರು ಆಗಾಗ ವಿಚಾರಿಸುವುದರಿಂದ, ಅಲ್ಲಿನ ಸ್ಟ್ರೆಪ್ಟೋಕಾಕಸ್ (ಗಂಟಲು, ಗಾಯಗಳಲ್ಲಿ ಸೋಂಕು ತರುವ ಬ್ಯಾಕ್ಟೀರಿಯಾ) ವರದಿಗಳ ಕುರಿತು ನನ್ನ ಅನುಭವವನ್ನು ಬರೆಯುತ್ತಿದ್ದೇನೆ.

ಮೆಚ್ಚಬೇಕಾದದ್ದು ಡಿ-ಟೆಸ್ಟ್. ಎರಿತ್ರೋಮೈಸಿನ್‌ಗೆ ಜಗ್ಗದ ಸ್ಟ್ರೆಪ್ಟೋಕಾಕಸ್ ಮೇಲ್ನೋಟಕ್ಕೆ ಕ್ಲಿಂಡಾಮೈಸಿನ್‌ಗೆ ಮಣಿಯುವಂತೆ ಕಂಡರೂ, ಕುರಿಯ ರಕ್ತ ಬೆರೆಸಿದ ಅಗಾರ್ (ಬ್ಯಾಕ್ಟೀರಿಯಾ ಬೆಳೆಸುವ ಜೆಲ್ಲಿ) ತಟ್ಟೆಯಲ್ಲಿ ಎರಡೂ ಔಷಧಿಗಳ ಪುಟ್ಟ ಕಾಗದದ ಡಿಸ್ಕ್‌ಗಳನ್ನು 12 ಮಿ.ಮೀ. ಅಂತರದಲ್ಲಿಟ್ಟು ಒಂದು ರಾತ್ರಿ ಬೆಳೆಸಿದಾಗ, ಕ್ಲಿಂಡಾಮೈಸಿನ್ ಸುತ್ತಲಿನ ಖಾಲಿ ವೃತ್ತ ಎರಿತ್ರೋಮೈಸಿನ್ ಕಡೆ ಚಪ್ಪಟೆಯಾಗಿ ಇಂಗ್ಲಿಷಿನ ‘ಡಿ’ ಅಕ್ಷರದಂತಾಗುವುದುಂಟು. ಅಡಗಿದ್ದ ಪ್ರತಿರೋಧ ಹೊರಬೀಳುವುದು ಹೀಗೆ. ಅಂಥಲ್ಲಿ ಕ್ಲಿಂಡಾಮೈಸಿನ್ ನೆಚ್ಚಿಕೊಳ್ಳುವಂತಿಲ್ಲ, ಎರಿತ್ರೋಮೈಸಿನ್ ಗುಂಪಿನದೇ ಆದ ಅಜಿತ್ರೋಮೈಸಿನ್ ಅಂತೂ ಮೊದಲೇ ಕೈಬಿಟ್ಟಂತೆ. ಈ ಲ್ಯಾಬಿನವರು ಕೇಳದೆಯೇ ಈ ಪರೀಕ್ಷೆ ಮಾಡಿ, ತಟ್ಟೆಯ ಫೋಟೋವನ್ನೂ ವಾಟ್ಸ್ಆ್ಯಪ್‌ನಲ್ಲಿ ಕಳುಹಿಸುತ್ತಾರೆ.

ಆದರೆ ಕಳೆದ ಮಳೆಗಾಲದಲ್ಲಿ, ಕಾಲಿನ ಗಾಯ ಕೀವಾಗಿ ದಾಖಲಾಗಿದ್ದ ರೈತರೊಬ್ಬರ ವರದಿಯಲ್ಲಿ ‘ಸ್ಟ್ರೆಪ್ಟೋಕಾಕಸ್ ಪಯೋಜೆನಿಸ್, ಪೆನಿಸಿಲಿನ್ ರೆಸಿಸ್ಟೆಂಟ್’ ಎಂದು ಅಚ್ಚಾಗಿ ಬಂತು. ನ್ಯುಮೋನಿಯಾ ತರುವ ಅದರ ದಾಯಾದಿ ನ್ಯುಮೊಕಾಕಸ್ ಹಲವೆಡೆ ಪೆನಿಸಿಲಿನ್‌ಗೆ ಪ್ರತಿರೋಧ ಬೆಳೆಸಿಕೊಂಡಿದೆ, ನಿಜ. ಆದರೆ ಪಯೋಜೆನಿಸ್ ಮಾತ್ರ 1940ರ ದಶಕದಿಂದ ಈವರೆಗೂ ಆ ಔಷಧಿಗೆ ಮಣಿಯುತ್ತಲೇ ಬಂದಿದೆ. ಹಾಗಾಗಿ ಇಂಥ ವರದಿಗೆ ಸಹಿ ಹಾಕುವ ಮುನ್ನ ಮೈಕ್ರೋಬಯಾಲಜಿಸ್ಟ್ ಎರಡು ಬಾರಿ ನೋಡಲೇಬೇಕಿತ್ತು. ನಾನು ಫೋನ್ ಮಾಡಿ ಒತ್ತಾಯಿಸಿದ ಮೇಲೆ ವಸಾಹತುಗಳನ್ನು (ತಟ್ಟೆಯಲ್ಲಿ ಬೆಳೆದ ಬ್ಯಾಕ್ಟೀರಿಯಾ ಚುಕ್ಕೆಗಳನ್ನು) ಬೇರ್ಪಡಿಸಿ ಮತ್ತೆ ಬೆಳೆಸಿದರು. ಹೈಡ್ರೋಜನ್ ಪೆರಾಕ್ಸೈಡ್ ಹನಿಗೆ ಒಂದು ಬಗೆಯ ವಸಾಹತು ನೊರೆಯೆದ್ದಿತು, ಸ್ಟ್ರೆಪ್ಟೋಕಾಕಸ್ ಹೀಗೆ ನೊರೆಯೇಳುವುದಿಲ್ಲ: ಕೀವಿನಲ್ಲಿ ಸ್ಟೆಫೈಲೋಕಾಕಸ್ ಎಂಬ ಬೇರೆ ಬ್ಯಾಕ್ಟೀರಿಯಾ ಕೂಡ ಇದ್ದು, ಡಿಸ್ಕ್ ಪಕ್ಕದವರೆಗೆ ಬೆಳೆದದ್ದು ಅದೇ ಆಗಿತ್ತು. ಬೆರಕೆ ಬೆಳವಣಿಗೆಯ ಮೇಲೆಯೇ ಡಿಸ್ಕ್ ಇಟ್ಟಿದ್ದರು. ತಿದ್ದಿದ ವರದಿಗೆ ಮತ್ತೆ ಹಣ ಕೇಳಲಿಲ್ಲ, ಆದರೆ ಎರಡು ದಿನ ಹೋಯಿತು.

ಇನ್ನೊಂದು ತಕರಾರು ವರದಿಯ ಉದ್ದದ್ದು. ಸ್ಟ್ರೆಪ್ಟೋಕಾಕಸ್ ಮೇಲೆ ಒಂಟಿಯಾಗಿ ಹೆಚ್ಚೇನೂ ನಡೆಯದ ಅಮಿಕಾಸಿನ್, ಜೆಂಟಾಮೈಸಿನ್‌ಗಳೂ ಪಟ್ಟಿಯಲ್ಲಿ ಮೊದಲು ಬರುತ್ತವೆ; ಬೇಕಾದ ಪೆನಿಸಿಲಿನ್ ಕೊನೆಯ ಸಾಲಿನಲ್ಲಿರುತ್ತದೆ.

ಇಷ್ಟಾದರೂ ಲ್ಯಾಬ್ ಬದಲಿಸಿಲ್ಲ, ಡಿ-ಟೆಸ್ಟ್ ಮಾಡುವ ಇನ್ನೊಂದು ಲ್ಯಾಬ್ ನಮ್ಮ ಹತ್ತಿರದಲ್ಲಿಲ್ಲ. ಶನಿವಾರ ಮಧ್ಯಾಹ್ನದ ನಂತರ ತಲುಪಿದ ಸ್ವಾಬ್‌ಗಳನ್ನು ಅವರು ಸೋಮವಾರವೇ ತೆರೆಯುವುದರಿಂದ, ಕಳುಹಿಸುವವರು ಶುಕ್ರವಾರದ ಬಸ್ಸಿಗೇ ಕೊಡುವುದು ಒಳ್ಳೆಯದು.