ಎಂ.ಎಸ್. ಪತ್ತೆಯಾದ ಹೊಸದರಲ್ಲಿ ಸೇರಿದ ವ್ಯಾಯಾಮ ತರಬೇತಿ: 12 ವಾರಗಳ ಅನುಭವ

ಮೈಸೂರಿನ ಫಿಜಿಯೋಥೆರಪಿ ಕೇಂದ್ರವೊಂದು ನರರೋಗ ಇರುವವರಿಗೆಂದೇ ನಡೆಸುವ 12 ವಾರಗಳ ವ್ಯಾಯಾಮ ತರಬೇತಿಯನ್ನು ನಾನು ಕಳೆದ ತಿಂಗಳು ಮುಗಿಸಿದೆ. ಅಲ್ಲಿಗೆ ಸೇರಿದಾಗ ನನಗೆ ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂ.ಎಸ್., ಮಿದುಳು ಮತ್ತು ಬೆನ್ನುಹುರಿಯ ನರತಂತುಗಳ ಹೊದಿಕೆ ಹಾಳಾಗುವ ಕಾಯಿಲೆ) ಇದೆಯೆಂದು ತಿಳಿದು ಎರಡು ತಿಂಗಳೂ ಆಗಿರಲಿಲ್ಲ. ಕೊರತೆಗಳನ್ನೂ ಬರೆಯಬೇಕಾಗಿರುವುದರಿಂದ ಕೇಂದ್ರದ ಹೆಸರನ್ನು ಹೇಳುತ್ತಿಲ್ಲ. ಈ ಕಾಯಿಲೆಯ ಹೆಸರನ್ನು ಈಗಷ್ಟೇ ಕೇಳಿದವರು ತಮ್ಮ ಊರಿನಲ್ಲಿ ಇಂಥ ಕೇಂದ್ರಕ್ಕೆ ಹೋದಾಗ ಏನನ್ನು ವಿಚಾರಿಸಬೇಕು ಎಂಬುದು ಇದರಿಂದ ತಿಳಿದರೆ ನನಗೆ ಅಷ್ಟು ಸಾಕು.

ನಾನು ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಸಂಕ್ರಾಂತಿ ಕಳೆದ ವಾರದಲ್ಲಿ ಎಡಗಣ್ಣಿನ ನೋಟ ಮಂಜಾಯಿತು. ಕಣ್ಣು ಹೊರಳಿಸಿದರೆ ನೋವು. ಎಂ.ಆರ್.ಐ. ಸ್ಕ್ಯಾನ್, ಬೆನ್ನಿನಿಂದ ನೀರು ತೆಗೆದು ಮಾಡುವ ಪರೀಕ್ಷೆ, ಐದು ದಿನದ ಸ್ಟೀರಾಯ್ಡ್ ಡ್ರಿಪ್ ಎಲ್ಲವೂ ಮುಗಿದು ಮನೆಗೆ ಬಂದಾಗ, ಮನೆಯವರೆಲ್ಲರ ಪ್ರೀತಿ ಒಂದೇ ಮಾತಾಗಿ ಬಂದಿತು: ವಿಶ್ರಾಂತಿ ತೆಗೆದುಕೋ. ಅಡುಗೆಮನೆಯನ್ನು ಅತ್ತೆ ವಹಿಸಿಕೊಂಡರು, ಬಟ್ಟೆ ಒಣಗಿಸುವ ಕೆಲಸವೂ ನನ್ನ ಕೈತಪ್ಪಿತು, ಕುಕ್ಕರಹಳ್ಳಿ ಕೆರೆಯ ಏರಿಯ ಮೇಲಿನ ಬೆಳಗಿನ ನಡಿಗೆಯನ್ನು ನಾನೇ ಹೆದರಿ ಬಿಟ್ಟೆ. ಆರು ವಾರ ಕಳೆಯುವಷ್ಟರಲ್ಲಿ ಮನೆಯ ಮಹಡಿ ಮೆಟ್ಟಿಲು ಹತ್ತುವಾಗ ತೊಡೆ ನಡುಗತೊಡಗಿತು. ಅದು ಕಾಯಿಲೆಯಿಂದ ಬಂದದ್ದೋ, ಮಲಗಿ ಮಲಗಿ ಬಂದದ್ದೋ ಎಂದು ಹೇಳುವವರು ಯಾರೂ ಇರಲಿಲ್ಲ. ನನ್ನ ನರರೋಗ ತಜ್ಞರು ವ್ಯಾಯಾಮ ಮಾಡಿ ಎಂದಿದ್ದರು ನಿಜ, ಆದರೆ ಎಷ್ಟು, ಹೇಗೆ, ಎಲ್ಲಿ ನಿಲ್ಲಿಸಬೇಕು ಎಂಬುದು ಐದು ನಿಮಿಷದ ಭೇಟಿಯಲ್ಲಿ ತಿಳಿಯುವ ಸಂಗತಿಯಲ್ಲ.

ಕೇಂದ್ರದಲ್ಲಿ ಮೊದಲ ದಿನ ಒಂದು ಗಂಟೆ ಕಾಲ ವ್ಯಾಯಾಮವನ್ನೇ ಮಾಡಿಸಲಿಲ್ಲ. ದಿನದ ಯಾವ ಹೊತ್ತಿನಲ್ಲಿ ಸುಸ್ತು ಹೆಚ್ಚು, ಮೂತ್ರಕ್ಕೆ ಅವಸರವಾಗುತ್ತದೆಯೇ, ಆ ಭಯಕ್ಕೆ ನೀರು ಕುಡಿಯುವುದನ್ನು ಕಡಿಮೆ ಮಾಡಿದ್ದೀರಾ, ಕಾಯಿಲೆ ತಿಳಿದ ಮೇಲೆ ಯಾವ ಯಾವ ಕೆಲಸ ಬಿಟ್ಟಿರಿ ಎಂದು ಥೆರಪಿಸ್ಟ್ ಒಂದೊಂದಾಗಿ ಕೇಳಿ ಬರೆದುಕೊಂಡರು. ಆಮೇಲೆ 25 ಅಡಿ ನಡೆಯಲು ಹಿಡಿದ ಸಮಯವನ್ನೂ, ಆರು ನಿಮಿಷದಲ್ಲಿ ನಡೆದ ದೂರವನ್ನೂ ಅಳೆದರು. ಮತ್ತೆ ಯಾವ ಕೆಲಸಕ್ಕೆ ಮರಳಬೇಕೆಂದಿದೆ ಎಂದು ಕೇಳಿದಾಗ ನಾನು ಎರಡು ಹೇಳಿದೆ: ಕೆರೆಯ ಏರಿಯ ನಡಿಗೆ, ಮತ್ತು ಜೂನ್‌ನಲ್ಲಿ ಶಾಲೆ ಆರಂಭವಾದಾಗ ಒಂದು ಪೂರ್ತಿ ಪೀರಿಯಡ್ ನಿಂತು ಪಾಠ ಮಾಡುವುದು. ಮುಂದಿನ ವಾರಗಳ ವ್ಯಾಯಾಮವೆಲ್ಲ ಈ ಎರಡರ ಸುತ್ತಲೇ ರೂಪುಗೊಂಡಿತು. ಕುರ್ಚಿಯಿಂದ ಕೈಯೂರದೆ ಏಳುವುದನ್ನು ಹತ್ತು ಸಲ ಮಾಡಿಸುವಾಗಲೂ ಅದು ತರಗತಿಗೆ ಏಕೆ ಬೇಕು ಎಂದು ಹೇಳಿಯೇ ಮಾಡಿಸುತ್ತಿದ್ದರು.

ನನ್ನ ಹೆದರಿಕೆಗೆ ಒಂದು ಹಳೆಯ ಇತಿಹಾಸವಿದೆ ಎಂಬುದೂ ಅಲ್ಲಿಯೇ ತಿಳಿಯಿತು. 1890ರಲ್ಲಿ ವಿಲ್ಹೆಲ್ಮ್ ಊಟ್‌ಹೋಫ್ ಎಂಬ ಜರ್ಮನ್ ನೇತ್ರವೈದ್ಯರು, ಈ ಕಾಯಿಲೆಯವರಿಗೆ ದೇಹ ದಣಿದಾಗ ನೋಟ ಮಂಜಾಗುವುದನ್ನು ಗಮನಿಸಿ ಬರೆದಿದ್ದರು. ಮುಂದೆ ಬಹುಕಾಲ ವೈದ್ಯರು ಎಂ.ಎಸ್. ಇದ್ದವರಿಗೆ ಶ್ರಮಪಡಬೇಡಿ ಎಂದೇ ಹೇಳುತ್ತಿದ್ದರು. ನರತಂತುಗಳ ಮೇಲಿನ ಮಯಲಿನ್ ಹೊದಿಕೆ ಹಾಳಾದ ಕಡೆ, ಮೈಯ ಶಾಖ ಅರ್ಧ ಡಿಗ್ರಿ ಸೆಲ್ಸಿಯಸ್‌ನಷ್ಟು ಏರಿದರೂ ಸಂದೇಶ ಸಾಗುವುದಕ್ಕೆ ತಡೆಯಾಗಬಹುದು, ಮೈ ತಣಿದಾಗ ಮತ್ತೆ ಸಾಗುತ್ತದೆ, ಇದರಿಂದ ನರಕ್ಕೆ ಹೊಸ ಗಾಯವೇನೂ ಆಗುವುದಿಲ್ಲ ಎಂಬುದು ಸ್ಪಷ್ಟವಾದದ್ದು ಆಮೇಲೆ. 1996ರಲ್ಲಿ ಅಮೆರಿಕದ ಯೂಟಾದಲ್ಲಿ ನಡೆದ 15 ವಾರಗಳ ಅಧ್ಯಯನವೊಂದರಲ್ಲಿ ವಾರಕ್ಕೆ ಮೂರು ದಿನ ವ್ಯಾಯಾಮ ಮಾಡಿದವರ ದೇಹಬಲ ಹೆಚ್ಚಿದ್ದು ಕಂಡ ಮೇಲೆ ಹಳೆಯ ಸಲಹೆ ಬದಲಾಗತೊಡಗಿತು. ಇದನ್ನೆಲ್ಲ ರೋಗಿಗೆ ಬಿಡಿಸಿ ಹೇಳುವ ತಾಳ್ಮೆ ಈ ಕೇಂದ್ರಕ್ಕಿದೆ, ಮತ್ತು ನಾನು ಕೊಟ್ಟ ಹಣಕ್ಕೆ ಸಿಕ್ಕ ಅತಿ ಬೆಲೆಯುಳ್ಳ ವಸ್ತು ಇದೇ ಎಂದು ಈಗಲೂ ಭಾವಿಸುತ್ತೇನೆ.

ನಾಲ್ಕನೆಯ ವಾರ ಅದರ ಪರೀಕ್ಷೆಯೂ ಆಯಿತು. ಸೈಕಲ್ ತುಳಿದು ಇಳಿದವಳಿಗೆ ಎಡಗಣ್ಣು ಮತ್ತೆ ಮಂಜಾಯಿತು, ಕಾಯಿಲೆ ಮರುಕಳಿಸಿತೆಂದು ಕೈಕಾಲು ತಣ್ಣಗಾದವು. ಥೆರಪಿಸ್ಟ್ ಗಾಬರಿಯಾಗದೆ ನನ್ನನ್ನು ಫ್ಯಾನಿನ ಕೆಳಗೆ ಕೂರಿಸಿ, ಕುತ್ತಿಗೆಗೆ ಒದ್ದೆ ಟವೆಲ್ ಸುತ್ತಿ, ಕುಡಿಯಲು ತಣ್ಣೀರು ಕೊಟ್ಟು, ಎದುರಿನ ಗೋಡೆಯ ಕ್ಯಾಲೆಂಡರ್‌ನಲ್ಲಿರುವ ತಿಥಿ ನಕ್ಷತ್ರಗಳ ಸಣ್ಣ ಅಕ್ಷರಗಳನ್ನು ಐದೈದು ನಿಮಿಷಕ್ಕೊಮ್ಮೆ ಓದಲು ಹೇಳಿದರು. ಇಪ್ಪತ್ತು ನಿಮಿಷದಲ್ಲಿ ಎಲ್ಲವೂ ಓದಲು ಬಂತು. ಜ್ವರ ಅಥವಾ ಸೋಂಕು ಇಲ್ಲದೆ ಹೊಸ ತೊಂದರೆಯೊಂದು 24 ಗಂಟೆಗಿಂತ ಹೆಚ್ಚು ಕಾಲ ಬಿಡದೆ ಉಳಿದರೆ ಮಾತ್ರ ಮರುಕಳಿಕೆಯ ಅನುಮಾನಪಟ್ಟು ವೈದ್ಯರಿಗೆ ಫೋನ್ ಮಾಡಬೇಕು ಎಂದು ಅವರು ಹೇಳಿದ್ದನ್ನು ಅಂದೇ ಡೈರಿಯಲ್ಲಿ ಬರೆದುಕೊಂಡೆ. ಆ ದಿನದ ನಂತರ ನನ್ನನ್ನು ಯಾರೂ ಹುರಿದುಂಬಿಸಬೇಕಾಗಲಿಲ್ಲ.

ವ್ಯಾಯಾಮದ ಪ್ರಮಾಣ ಮಿತವಾಗಿಯೇ ಇತ್ತು. ಸೈಕಲ್ ಎಂಟು ನಿಮಿಷದಿಂದ ಆರಂಭವಾಗಿ ನಿಧಾನವಾಗಿ 30 ನಿಮಿಷಕ್ಕೆ ಏರಿತು. ಪಕ್ಕದವರೊಡನೆ ಮಾತನಾಡಲು ಆಗಬೇಕು, ಹಾಡಲು ಆಗಬಾರದು, ಅದೇ ಅಳತೆ. ವಾರಕ್ಕೆ ಎರಡು ದಿನ ಅರ್ಧ ಗಂಟೆಯ ಇಂಥ ಶ್ರಮ, ಎರಡು ದಿನ ಸ್ನಾಯುಬಲದ ವ್ಯಾಯಾಮ ಎಂಬುದು ಕೆನಡಾದಲ್ಲಿ 2013ರಲ್ಲಿ ಹೊರಬಂದ ಮಾರ್ಗಸೂಚಿಯಲ್ಲಿಯೂ ಇದೆ.

ಇನ್ನು ಕೊರತೆಗಳು. ಶಾಖ ಏರಿದರೆ ತೊಂದರೆ ಎಂದು ಇಷ್ಟು ಚೆನ್ನಾಗಿ ವಿವರಿಸುವ ಕೇಂದ್ರವೇ ಏಪ್ರಿಲ್ ತಿಂಗಳಿನಲ್ಲಿ ಮಧ್ಯಾಹ್ನ ಮೂರು ಗಂಟೆಗೆ, ಶೀಟು ಹೊದಿಸಿದ ಮಹಡಿಯ ಹಾಲ್‌ನಲ್ಲಿ, ಎರಡೇ ಫ್ಯಾನಿನ ಕೆಳಗೆ ವ್ಯಾಯಾಮ ಮಾಡಿಸಿದ್ದು ನನಗೆ ಒಪ್ಪಿಗೆಯಾಗಲಿಲ್ಲ. ಬೆಳಗಿನ ಸಮಯ ಕೇಳಿ ಕೇಳಿ ಸಿಕ್ಕಿದ್ದು ಆರನೆಯ ವಾರದಲ್ಲಿ. ಲಿಫ್ಟ್ ಇಲ್ಲ, ಮೆಟ್ಟಿಲಿಗೆ ಒಂದೇ ಕಡೆ ಕಂಬಿ, ಶೌಚಾಲಯ ಕೆಳಗಿನ ಅಂತಸ್ತಿನಲ್ಲಿ. ಮೂತ್ರದ ಅವಸರ ಇರುವವರಿಗೆ ಇದು ವ್ಯಾಯಾಮವನ್ನೇ ಬಿಡಿಸುವಂಥ ಅಡ್ಡಿ. ಸುಸ್ತಿನಿಂದ ಏಳಲಾಗದ ದಿನ ತಪ್ಪಿಸಿದರೆ ಆ ದಿನದ 500 ರೂಪಾಯಿ ಹೋದಂತೆಯೇ, ಅದೂ ನನ್ನ ಆರೋಗ್ಯ ವಿಮೆ ಈ ಖರ್ಚನ್ನು ಕೊಡದಿರುವಾಗ. ಕೇಂದ್ರದ ಕಚೇರಿಯಿಂದ ಎಲ್ಲರ ಮೊಬೈಲಿಗೂ ಒಂದೇ ರೀತಿ ಬರುವ 'ಇಂದು 10,000 ಹೆಜ್ಜೆ' ಎಂಬ ಸಂದೇಶವನ್ನು ಕೂಡಲೇ ನಿಲ್ಲಿಸಬೇಕು. ಕೋಲು ಹಿಡಿದು 200 ಹೆಜ್ಜೆ ಹಾಕಿ ಬಂದ ಸಹರೋಗಿಯೊಬ್ಬರು ಅದನ್ನು ನನಗೆ ತೋರಿಸಿದಾಗ ಅವರ ಮುಖ ಬಾಡಿದ್ದು ಮರೆಯಲಾರೆ.

ಎಲ್ಲಕ್ಕಿಂತ ದೊಡ್ಡ ಕೊರತೆ, ಮನೆಯವರನ್ನು ಕರೆದು ಮಾತನಾಡಿಸಿದ್ದು ಹನ್ನೊಂದನೆಯ ವಾರದಲ್ಲಿ. ಅಂದು ಬಂದ ಅತ್ತೆ, ನಾನು ವ್ಯಾಯಾಮದ ರಬ್ಬರ್ ಬ್ಯಾಂಡ್ ಎಳೆಯುವುದನ್ನೂ ಸುಧಾರಿಸಿಕೊಳ್ಳುವುದನ್ನೂ ಪೂರ್ತಿ ನೋಡಿ, "ಇಷ್ಟು ಮಾಡಬಹುದು ಅಂತ ನಮಗೆ ಯಾರು ಹೇಳಿದ್ರಮ್ಮ?" ಎಂದರು. ಮರುದಿನ ಚಪಾತಿ ಲಟ್ಟಿಸುವ ಕೆಲಸ ನನಗೆ ಮರಳಿ ಬಂತು. ಮೊದಲ ವಾರವೇ ಅವರನ್ನು ಕರೆಸಿದ್ದರೆ ಎರಡು ತಿಂಗಳು ಮನೆಯಲ್ಲಿ ನಡೆದ ವಾದಗಳು ಬೇಕಾಗುತ್ತಿರಲಿಲ್ಲ.

ಆರು ನಿಮಿಷದ ನಡಿಗೆ 340 ಮೀಟರ್‌ನಿಂದ 410ಕ್ಕೆ ಏರಿದೆ. ಚಿಕಿತ್ಸೆಯಿಂದಲೂ ಚೇತರಿಕೆ ಆಗಿರಬಹುದಾದ್ದರಿಂದ ಇದನ್ನೆಲ್ಲ ವ್ಯಾಯಾಮದ ಲೆಕ್ಕಕ್ಕೇ ಬರೆಯಲಾರೆ. ಕಾಯಿಲೆಯ ಔಷಧಿಯನ್ನು ಯಥಾಪ್ರಕಾರ ತೆಗೆದುಕೊಳ್ಳುತ್ತಿದ್ದೇನೆ. ಸುಸ್ತು ಹೋಗಿಲ್ಲ, ಆದರೆ ಅದು ಬರುವ ಹೊತ್ತು ಗೊತ್ತಾಗಿದೆ. ಶಾಲೆಯಲ್ಲಿ ಬೆಳಗಿನ ಎರಡು ಪೀರಿಯಡ್ ನಿಂತು ಪಾಠ ಮಾಡುತ್ತೇನೆ, ಮಧ್ಯಾಹ್ನದ್ದು ಕುಳಿತು. ಕೆರೆಯ ಏರಿಯ ಮೇಲೆ ಮೂರನೆಯ ಕಲ್ಲುಬೆಂಚಿನವರೆಗೆ ಹೋಗಿ, ಕುಳಿತು, ಮರಳುತ್ತೇನೆ. ಮೆಟ್ಟಿಲು ಹತ್ತಬಲ್ಲವರಿಗೆ, ಬೆಳಗಿನ ಸಮಯ ಸಿಗುವುದಾದರೆ, ಈ ತರಬೇತಿಗೆ ಧಾರಾಳವಾಗಿ ಸೇರಿ ಎನ್ನುತ್ತೇನೆ. ಮುಂದಿನ ತರಬೇತಿಗೆ ನನ್ನ ಹೆಸರನ್ನೂ ಕೊಟ್ಟು ಬಂದಿದ್ದೇನೆ, ಏಳು ಗಂಟೆಯ ತಂಡದಲ್ಲಿ ಜಾಗವಿದ್ದರೆ ಮಾತ್ರ ಎಂಬ ಷರತ್ತಿನೊಂದಿಗೆ.