ಹಳೆ ಮಿಯಾಟಾಗೆ ಹೊಸ ಕಾರಿನ ಮುಂದಿನ ಬ್ರೇಕ್ ಹಾಕಿಸುವ ಮುನ್ನ

ಹಳೆ ಮಾಜ್ದಾ ಮಿಯಾಟಾ ಇಟ್ಟುಕೊಂಡಿರುವವರು, ಅದರಲ್ಲೂ 1990ರಿಂದ 1993ರವರೆಗಿನ 1.6 ಲೀಟರ್ ಎಂಜಿನ್ ಕಾರಿನವರು, ಇದನ್ನು ದಯವಿಟ್ಟು ಪೂರ್ತಿ ಓದಿ. ಹೊಸ ಮಾದರಿಯ ಬ್ರೇಕ್ ಹಾಗೇ ಕೂರುತ್ತೆ, ಅರ್ಧ ದಿನದ ಕೆಲಸ ಅಂತ ಯಾರಾದರೂ ಹೇಳಿದರೆ ಒಪ್ಪಿಕೊಳ್ಳುವ ಮುಂಚೆ ನಾಲ್ಕು ಪ್ರಶ್ನೆ ಕೇಳಿ. ಬೋಲ್ಟ್ ಕೂತಿತು ಅಂದ ಮಾತ್ರಕ್ಕೆ ಬ್ರೇಕ್ ಸರಿಯಾಯ್ತು ಅಂತಲ್ಲ.

ನಾನಿರುವುದು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ ಹತ್ತಿರ. ನನ್ನದು 1991ರ ಕಾರು. ಅದರ ಮುಂದಿನ ಡಿಸ್ಕ್, ಅಂದರೆ ಚಕ್ರದ ಜೊತೆ ತಿರುಗುವ ಬ್ರೇಕ್ ತಟ್ಟೆ, 235 ಮಿಲಿಮೀಟರ್ ಅಗಲ. 1994ರಲ್ಲಿ 1.8 ಎಂಜಿನ್ ಬಂದಾಗ ಕಂಪನಿಯವರು ಅದನ್ನು 255 ಮಾಡಿದರು. 2001ರಿಂದ ಕೆಲವು ಸ್ಪೋರ್ಟ್ ಮಾದರಿಗಳಿಗೆ 270 ಕೊಟ್ಟರು. ಮೂರಕ್ಕೂ ಬೋಲ್ಟ್ ಕೂರುವ ಜಾಗ ಒಂದೇ. ಆಸೆ ಹುಟ್ಟುವುದೇ ಇಲ್ಲಿ. ನಾನು ಹೋದ ಗ್ಯಾರೇಜಿನವರು 270ನ್ನೇ ಹಾಕೋಣ ಅಂದರು. ಅಪಘಾತವಾದ ಕಾರಿನಿಂದ ಬಿಚ್ಚಿದ ಕ್ಯಾಲಿಪರ್ (ಪ್ಯಾಡನ್ನು ಡಿಸ್ಕ್ ಮೇಲೆ ಒತ್ತಿ ಹಿಡಿಯುವ ಭಾಗ), ಹೊಸ ಡಿಸ್ಕ್, ಹೊಸ ಪ್ಯಾಡ್. ಅಷ್ಟು ದೊಡ್ಡ ಬ್ರೇಕ್ ಹಳೆಯ 14 ಇಂಚಿನ ಚಕ್ರದೊಳಗೆ ಹಿಡಿಯುವುದಿಲ್ಲ, ಹಾಗಾಗಿ 15 ಇಂಚಿನ ಚಕ್ರಗಳನ್ನೂ ಅವರೇ ಕೊಟ್ಟರು.

ಗಾಡಿ ತಂದ ದಿನದಿಂದಲೇ ಪೆಡಲ್ ಮೆತ್ತಗಿತ್ತು. ಒತ್ತಿದರೆ ಒಳಕ್ಕೆ ಇಳಿಯುತ್ತಿತ್ತು, ಎರಡನೇ ಸಲ ಒತ್ತಿದಾಗ ಹಿಡಿಯುತ್ತಿತ್ತು. ಫೋನ್ ಮಾಡಿ ಕೇಳಿದರೆ, ಹೊಸ ಪ್ಯಾಡ್ ಅಲ್ವಾ, ಸ್ವಲ್ಪ ಓಡಿಸಿ, ಸರಿಹೋಗುತ್ತೆ ಅಂದರು. ಈ ಮಾತನ್ನು ಯಾರೂ ನಂಬಬೇಡಿ. ಪ್ಯಾಡ್ ಹೊಂದಿಕೊಂಡ ಹಾಗೆ ಹಿಡಿತ ಹೆಚ್ಚುತ್ತದೆ, ಅದು ನಿಜ. ಆದರೆ ಎರಡು ಸಲ ಒತ್ತಿದ ಮೇಲೆ ಗಟ್ಟಿಯಾಗುವ ಪೆಡಲ್ ಅಂದರೆ ಸಾಮಾನ್ಯವಾಗಿ ಪೈಪಿನಲ್ಲೋ ಕ್ಯಾಲಿಪರಿನಲ್ಲೋ ಗಾಳಿ ಉಳಿದಿದೆ ಅಂತ ಅರ್ಥ.

ಮುಂದಿನ ಶನಿವಾರ ಸಾಂತಾ ಕ್ರೂಜ್‌ನಿಂದ ಹೈವೇ 17ರಲ್ಲಿ ವಾಪಸ್ ಬರುತ್ತಿದ್ದೆ. ಗುಡ್ಡದ ತುದಿ ದಾಟಿ ಲಾಸ್ ಗ್ಯಾಟೋಸ್ ಕಡೆಗೆ ಇಳಿಯುವ ದಾರಿ ಪೂರ್ತಿ ತಿರುವು, ಮಧ್ಯೆ ಕಾಂಕ್ರೀಟ್ ಗೋಡೆ, ಪಕ್ಕಕ್ಕೆ ನಿಲ್ಲಿಸಲು ಜಾಗವೇ ಕಡಿಮೆ. ಒಂದು ತಿರುವಿನಲ್ಲಿ ಸ್ಟೀರಿಂಗ್ ನಡುಗಲು ಶುರುವಾಯಿತು. ಬ್ರೇಕ್ ಒತ್ತಿದರೆ ಎಡಗಡೆಯಿಂದ ಟಕ್ ಟಕ್ ಅಂತ ಸದ್ದು. ಗೇರ್ ಇಳಿಸಿಕೊಂಡು, ಹಿಂದಿನವರಿಗೆ ಹಜಾರ್ಡ್ ಲೈಟ್ ಹಾಕಿ ತೋರಿಸುತ್ತಾ, ಸಿಕ್ಕ ಮೊದಲ ಅಗಲವಾದ ಜಾಗದಲ್ಲಿ ನಿಲ್ಲಿಸಿದೆ. ಮುಂದಿನ ಎಡ ಚಕ್ರದ ನಾಲ್ಕು ನಟ್‌ಗಳಲ್ಲಿ ಎರಡು ಬರಿಗೈಗೇ ತಿರುಗಿದವು. ಪಕ್ಕದ ಸೀಟಿನಲ್ಲಿ ಮಗಳು ಕೂತಿದ್ದಳು. ಈ ಬರಹ ಬರೆಯಲು ಅದೇ ಕಾರಣ.

ಟೋ ಮಾಡಿಸಿಕೊಂಡು ಬೇರೆ ಮೆಕ್ಯಾನಿಕ್ ಹತ್ತಿರ ಹೋದೆ. ಅವರು ಚಕ್ರ ಬಿಚ್ಚಿ ನನ್ನನ್ನು ಹತ್ತಿರ ಕರೆದು ತೋರಿಸಿದರು. ಹೊಸ ಚಕ್ರದ ಕಡ್ಡಿಗಳು ದೊಡ್ಡ ಕ್ಯಾಲಿಪರ್‌ಗೆ ತಾಗುತ್ತಿದ್ದವು. ಅದು ತಾಗದಿರಲಿ ಅಂತ ಮೊದಲ ಗ್ಯಾರೇಜಿನವರು ಚಕ್ರಕ್ಕೂ ಅದು ಕೂರುವ ಹಬ್‌ಗೂ ನಡುವೆ 10 ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ ಸ್ಪೇಸರ್ ತುರುಕಿದ್ದರು. ಬಿಲ್ಲಿನಲ್ಲಿ ಅದರ ಸುದ್ದಿಯೇ ಇಲ್ಲ. ನಟ್ ಕೂರುವ ಬೋಲ್ಟ್, ಅಂದರೆ ಸ್ಟಡ್, ಮಾತ್ರ ಹಳೆಯದೇ. ಸ್ಪೇಸರ್ 10 ಮಿಲಿಮೀಟರ್ ನುಂಗಿದ ಮೇಲೆ ನಟ್ ಹಿಡಿಯಲು ಉಳಿದದ್ದು ಮೂರ್ನಾಲ್ಕು ಸುತ್ತು ಥ್ರೆಡ್. ಈ ಕಾರಿನ ಸ್ಟಡ್ 12 ಮಿಲಿಮೀಟರ್ ದಪ್ಪ, ಒಂದು ಸುತ್ತಿಗೆ ನಟ್ ಒಂದೂವರೆ ಮಿಲಿಮೀಟರ್ ಮುಂದೆ ಹೋಗುತ್ತದೆ. ಸ್ಟಡ್ ಎಷ್ಟು ದಪ್ಪವೋ ಕನಿಷ್ಠ ಅಷ್ಟು ಉದ್ದಕ್ಕೆ ನಟ್ ಹಿಡಿದಿರಬೇಕು ಅನ್ನುವುದು ಮೆಕ್ಯಾನಿಕ್‌ಗಳೆಲ್ಲ ಪಾಲಿಸುವ ಲೆಕ್ಕ. ಅಂದರೆ ಎಂಟು ಸುತ್ತು. ನನ್ನ ಚಕ್ರ ನಿಂತಿದ್ದದ್ದು ಹೆಚ್ಚೆಂದರೆ ಅದರ ಅರ್ಧದಷ್ಟು ಸುತ್ತಿನ ಹಿಡಿತದಲ್ಲಿ. ಸಾಲದ್ದಕ್ಕೆ, ಚಕ್ರವನ್ನು ಮಧ್ಯಕ್ಕೆ ಕೂರಿಸುವ ಹಬ್‌ನ ಅಂಚು ಕೂಡ ಸ್ಪೇಸರ್ ಒಳಗೆ ಮುಚ್ಚಿಹೋಗಿತ್ತು.

ಪೆಡಲ್ ಮೆತ್ತಗಿದ್ದ ಕಾರಣವೂ ಅಲ್ಲೇ ಸಿಕ್ಕಿತು. ಎಡಗಡೆಯ ಕ್ಯಾಲಿಪರ್ ಬಲಕ್ಕೆ, ಬಲಗಡೆಯದು ಎಡಕ್ಕೆ ಹಾಕಿದ್ದರು! ಗಾಳಿ ತೆಗೆಯುವ ನಿಪ್ಪಲ್ ಯಾವಾಗಲೂ ಮೇಲೆ ಇರಬೇಕು, ಯಾಕಂದರೆ ಗಾಳಿ ಮೇಲೇರಿ ನಿಲ್ಲುತ್ತದೆ. ಅದಲುಬದಲಾದರೆ ನಿಪ್ಪಲ್ ಕೆಳಕ್ಕೆ ಬರುತ್ತದೆ. ಆಮೇಲೆ ಎಷ್ಟು ಬ್ರೇಕ್ ಆಯಿಲ್ ಸುರಿದರೂ ಗಾಳಿ ಹೊರಗೆ ಬರಲ್ಲ.

ಇವೆರಡೂ ಕೆಟ್ಟ ಕೈಕೆಲಸ. ಕೆಲಸ ಚೆನ್ನಾಗಿಯೇ ಮಾಡಿದ್ದರೂ ಇನ್ನೊಂದು ತೊಂದರೆ ಇತ್ತು, ಅದನ್ನು ಜಾಸ್ತಿ ಜನ ಯೋಚಿಸುವುದಿಲ್ಲ. ಮುಂದೆ ಮಾತ್ರ ಡಿಸ್ಕ್ ದೊಡ್ಡದು ಮಾಡಿದರೆ ಮುಂದಿನ ಚಕ್ರ ಬೇಗ ಲಾಕ್ ಆಗುತ್ತದೆ (ಅಂದರೆ ತಿರುಗದೆ ಜಾರುತ್ತದೆ), ಹಿಂದಿನ ಬ್ರೇಕ್ ಮಾಡಬೇಕಾದಷ್ಟು ಕೆಲಸ ಮಾಡುವುದೇ ಇಲ್ಲ. ಕೊನೆಗೆ ಕಾರನ್ನು ನಿಲ್ಲಿಸುವುದು ಟೈರ್ ಮತ್ತು ರಸ್ತೆಯ ನಡುವಿನ ಹಿಡಿತ. ನನ್ನ ಕಾರಿನಂತೆ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಇಲ್ಲದಿದ್ದರೆ, ಮಳೆಯಲ್ಲಿ ಮುಂದಿನ ಚಕ್ರ ಲಾಕ್ ಆದ ಕ್ಷಣ ಸ್ಟೀರಿಂಗ್ ತಿರುಗಿಸಿದರೂ ಕಾರು ನೇರಕ್ಕೇ ಜಾರುತ್ತದೆ. ಕಂಪನಿಯವರು 270 ಡಿಸ್ಕ್ ಹಾಕಿದಾಗ ಹಿಂದೆಯೂ 276 ಹಾಕಿದ್ದು ಸುಮ್ನೆ ಅಲ್ಲ.

ಈಗ ನನ್ನ ಕಾರಿನಲ್ಲಿರುವುದು 1994ರ ನಂತರದ 1.8 ಕಾರಿನ ಸೆಟ್. ಮುಂದೆ 255, ಹಿಂದೆ 251, ಎರಡೂ ಒಟ್ಟಿಗೆ. ಹಳೆಯ 14 ಇಂಚಿನ ಚಕ್ರವೇ ಸಾಕು, ಸ್ಪೇಸರ್ ಬೇಕಿಲ್ಲ. ನಿಜ ಹೇಳಬೇಕು ಅಂದರೆ, ಇಳಿಜಾರಿನಲ್ಲಿ ಬ್ರೇಕ್ ಸೋಲುತ್ತಿದೆ ಅನ್ನುವ ಅನೇಕರಿಗೆ ಇದೂ ಬೇಕಾಗುವುದಿಲ್ಲ. ಬ್ರೇಕ್ ಆಯಿಲ್ ನೀರು ಹೀರುತ್ತದೆ, ಆಮೇಲೆ ಇಳಿಜಾರಿನ ಬಿಸಿಗೆ ಬೇಗ ಕುದಿದು ಪೆಡಲ್ ಮೆತ್ತಗಾಗುತ್ತದೆ. ಹೊಸ ಡಾಟ್ 3 ದರ್ಜೆಯ ಆಯಿಲ್ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ನೀರು ಸೇರಿದ ಮೇಲೆ ಅದೇ ಆಯಿಲ್‌ಗೆ ಇರುವ ಮಿತಿ ಬರೀ 140. ಮೊದಲು ಆಯಿಲ್ ಬದಲಿಸಿ, ಮೂವತ್ತು ವರ್ಷದ ರಬ್ಬರ್ ಪೈಪ್ ತೆಗೆಸಿ, ಕ್ಯಾಲಿಪರ್ ಜಾರುವ ಪಿನ್ನಿಗೆ ಗ್ರೀಸ್ ಹಚ್ಚಿಸಿ, ಒಳ್ಳೆ ಪ್ಯಾಡ್ ಹಾಕಿಸಿ. ಆಮೇಲೂ ಸಾಲದಿದ್ದರೆ ದೊಡ್ಡ ಡಿಸ್ಕ್ ಮಾತು.

ಈಗಾಗಲೇ ಹಾಕಿಸಿಬಿಟ್ಟಿದ್ದರೆ ಇವತ್ತೇ ಮುಂದಿನ ಚಕ್ರ ಬಿಚ್ಚಿ ನೋಡಿ. ನಿಪ್ಪಲ್ ಮೇಲಿದೆಯಾ, ನಡುವೆ ಸ್ಪೇಸರ್ ಇದೆಯಾ ನೋಡಿಕೊಳ್ಳಿ. ಚಕ್ರ ವಾಪಸ್ ಹಾಕುವಾಗ ನಟ್ಟನ್ನು ಬೆರಳಿನಲ್ಲೇ ತಿರುಗಿಸುತ್ತಾ ಸುತ್ತು ಎಣಿಸಿ. ಎಂಟಕ್ಕಿಂತ ಮೊದಲೇ ನಟ್ ಚಕ್ರಕ್ಕೆ ತಾಗಿ ನಿಂತರೆ ಗಾಡಿ ಓಡಿಸಬೇಡಿ. ಗ್ಯಾರೇಜ್ ಎಷ್ಟೇ ಹತ್ತಿರ ಇದ್ದರೂ ಟೋ ಮಾಡಿಸಿ.